ಭಾನುವಾರದ ಬ್ಲಾಸ್ಟಿಂಗ್

ಸೈನಿಕನ ಹೆಂಡತಿ ಎಂದ ಕೂಡಲೇ ಜನರ ಕಣ್ಣಿಗೆ ಒಂದು ಚಿತ್ರ ಕಾಣುತ್ತದೆ. ಬಾಗಿಲಲ್ಲಿ ನೆಟ್ಟಗೆ ನಿಂತ ಹೆಂಗಸು, ಬಿಗಿದ ತುಟಿ, ದೂರ ನೋಡುವ ಕಣ್ಣು, ಗಾಳಿ ಇಲ್ಲದಿದ್ದರೂ ಹಾರುವ ಸೆರಗು. ಆ ಚಿತ್ರದಲ್ಲಿ ನಾನು ಎಲ್ಲಿಯೂ ಇಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಹಲ್ಲಿಗೆ ಹೆದರುತ್ತೇನೆ. ಕುಕ್ಕರಿನ ಮೂರನೆಯ ಸೀಟಿಗೆ ಹೆದರುತ್ತೇನೆ. ಪರೀಕ್ಷೆಯ ದಿನ ಮಕ್ಕಳಿಗಿಂತ ಮೊದಲು ನನ್ನ ಹೊಟ್ಟೆ ಕೆಡುತ್ತದೆ. ಆದರೂ ಪ್ರತಿ ಆಗಸ್ಟ್ ಹದಿನೈದಕ್ಕೆ ನಮ್ಮ ಶಾಲೆಯ ಹೆಡ್ ಮಾಸ್ತರರು ನನ್ನನ್ನು ವೇದಿಕೆಗೆ ಕರೆದು, "ಇವರ ಯಜಮಾನ್ರು ಅಲ್ಲಿ ಗಡಿ ಕಾಯಾಕತ್ತಾರ, ಇವರು ಇಲ್ಲಿ ಕಲ್ಲಿನಂಥ ಗುಂಡಿಗಿ ಇಟಗೊಂಡು ನಿಮಗ ಸೈನ್ಸ್ ಹೇಳಾಕತ್ತಾರ" ಎಂದು ಹೊಗಳಿ ಒಂದು ಶಾಲು ಹೊದಿಸುತ್ತಾರೆ. ಒಂದು ವರ್ಷ ಶಾಲು ಹೊದಿಸುವ ಹೊತ್ತಿಗೇ ಯಾರೋ ಹಿಂದೆ ಬಲೂನು ಒಡೆದರು. ಶಾಲು ಮಾಸ್ತರರ ಕೈಯಲ್ಲಿಯೇ ಉಳಿಯಿತು. ಅದರ ಕೆಳಗೆ ಇರಬೇಕಾದ ಕಲ್ಲಿನಂಥ ಗುಂಡಿಗೆ ಮೂರು ಮಾರು ಆಚೆ ಧ್ವಜದ ಕಟ್ಟೆಯ ಹಿಂದೆ ಇತ್ತು.

ನನ್ನ ಹೆಸರು ಸುವರ್ಣಾ. ತವರು ಚಿಂಚೋಳಿ ತಾಲೂಕಿನ ಕೊಡ್ಲಿ, ಗಂಡನ ಮನೆ ಸೇಡಂ, ಓದಿದ್ದು ಬಿ.ಎಸ್ಸಿ., ಬಿ.ಎಡ್., ಕೆಲಸ ಚಿತ್ತಾಪುರದ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ. ಮದುವೆಯಾಗಿ ನಾಲ್ಕು ವರ್ಷವಾಯಿತು. ನಮ್ಮ ಮನೆಯವರು ಶರಣಪ್ಪನವರು ಈ ನಾಲ್ಕು ವರ್ಷದಲ್ಲಿ ಮನೆಯಲ್ಲಿದ್ದ ದಿನಗಳನ್ನೆಲ್ಲ ಒಂದರ ಪಕ್ಕ ಒಂದು ಜೋಡಿಸಿದರೆ ಒಂದು ವರ್ಷವೂ ತುಂಬುವುದಿಲ್ಲ. ಮನೆಯಲ್ಲಿ ಇರುವುದು ನಾನು ಮತ್ತು ನಮ್ಮ ಅತ್ತೆ ನಾಗಮ್ಮ. ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬೆಳಿಗ್ಗೆ ಎದ್ದು ಹಣೆಗೆ ವಿಭೂತಿ ಹಚ್ಚಿ ಲಿಂಗಪೂಜೆ ಮುಗಿಸಿ ಒಲೆಯ ಮುಂದೆ ಕುಳಿತರೆಂದರೆ ಆ ದಿನದ ಆಡಳಿತ ಶುರುವಾದಂತೆ.

ಕೊಡ್ಲಿಯಲ್ಲಿ ನಾನು ಬೆಳೆಯುವಾಗ ಕೇಳಿದ ಅತಿ ದೊಡ್ಡ ಸದ್ದು ಎಂದರೆ ತೊಗರಿ ರಾಶಿ ಮಾಡುವ ಮಷೀನಿನದು. ಸೇಡಮ್ಮಿನ ಕಥೆ ಬೇರೆ. ನಮ್ಮ ಮನೆ ಊರ ತುದಿಯಲ್ಲಿದೆ, ಆಚೆ ಸುಣ್ಣದ ಕಲ್ಲಿನ ಗಣಿ. ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಅಲ್ಲಿ ಮದ್ದು ಹಾರಿಸಿ ಕಲ್ಲು ಒಡೆಯುತ್ತಾರೆ. ಮದುವೆಯ ಮರುದಿನ ಊಟಕ್ಕೆ ಕುಳಿತಾಗ ನನ್ನ ಕಾಲ ಕೆಳಗೆ ನೆಲಕ್ಕೆ ಹಾಸಿದ ಪರಸಿ ಕಲ್ಲು ನಡುಗಿತು, ತಟ್ಟೆಯೊಳಗಿನ ಸಾರಿನಲ್ಲಿ ತೆರೆ ಎದ್ದಿತು, ಆಮೇಲೆ 'ಧಡಮ್' ಎಂದಿತು. ಭೂಕಂಪವಾಯಿತೆಂದು ನಾನು ಎದ್ದು ಹೊಸ ಅತ್ತೆಯ ಕೊರಳಿಗೆ ಜೋತುಬಿದ್ದೆ. ಅವರು ನನ್ನನ್ನು ನಿಧಾನಕ್ಕೆ ಬಿಡಿಸಿ, "ಬ್ಲಾಸ್ಟಿಂಗ್ ಟೈಮ್ ಆತವ್ವಾ. ಹಾಲು ಕಾಯಾಕ ಇಡೂದು ಮರತೇ ಬಿಟ್ಟಿದ್ದೆ ನೋಡು" ಎಂದು ಒಲೆಯ ಕಡೆ ಹೋದರು. ನಮ್ಮ ಓಣಿಯಲ್ಲಿ ಅದು ಸದ್ದಲ್ಲ, ಗಡಿಯಾರ. ದೂರದಲ್ಲಿ ಗಣಿಯ ಸೈರನ್ ಕೇಳಿದ ಕೂಡಲೇ ಪ್ರತಿ ಮನೆಯ ಹೆಂಗಸೂ ಕೈಯಲ್ಲಿದ್ದ ಕೆಲಸ ಬಿಟ್ಟು ಅಡುಗೆಮನೆಗೆ ಹೋಗಿ, ಪರಸಿ ಕಲ್ಲಿನ ಹಲಗೆಯ ಮೇಲೆ ಜೋಡಿಸಿದ ಪಾತ್ರೆಗಳ ಮೇಲೆ ಅಂಗೈ ಊರಿ ನಿಲ್ಲುತ್ತಾಳೆ. ನಿದ್ದೆಯಲ್ಲಿ ಬೆಚ್ಚುವ ಕೂಸಿನ ಎದೆಯ ಮೇಲೆ ಕೈ ಇಡುತ್ತಾರಲ್ಲ, ಹಾಗೆ. ಸದ್ದು ಮುಗಿದ ಮೇಲೆ ಕೈ ತೆಗೆದು ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಮುಂದುವರಿಸುತ್ತಾಳೆ. ಎರಡು ವರ್ಷದಲ್ಲಿ ನನಗೂ ಈ ವಿದ್ಯೆ ಬಂತು. ಜಗತ್ತಿನ ಸಕಲ ಸದ್ದುಗಳಿಗೂ ಹೆದರುವ ನಾನು ಇದೊಂದು ಸದ್ದಿಗೆ ಮಾತ್ರ ಹೆದರದೆ ಗಡಿಯಾರ ನೋಡುವುದನ್ನು ಕಲಿತೆ. ಕಲಿಯಬಾರದಿತ್ತು.

ಇನ್ನು ಗಂಡನಿಲ್ಲದ ಸಂಸಾರ. ಗಂಡ ಗಡಿಯಲ್ಲಿದ್ದರೆ ಹೆಂಡತಿಗೆ ವಿರಹ ಕಾಡುತ್ತದೆ ಎಂದು ನೀವು ತಿಳಿದಿದ್ದರೆ ಅದು ಅರ್ಧ ಸತ್ಯ. ಉಳಿದ ಅರ್ಧ ನಳ, ಫ್ಯಾನು, ಚಿಲಕ, ಗ್ಯಾಸಿನ ರೆಗ್ಯುಲೇಟರ್. ನಮ್ಮ ಮನೆಯವರಿಗೆ ಫೋನ್ ಸಿಗುವುದು ವಾರಕ್ಕೊಮ್ಮೆ, ಅದೂ ಗುಡ್ಡದ ಮೇಲೆ ನೆಟ್‌ವರ್ಕ್ ಮನಸ್ಸು ಮಾಡಿದರೆ. ಎಲ್ಲಿದ್ದಾರೆ ಎಂದು ಅವರು ಹೇಳುವಂತಿಲ್ಲ, ನಾನು ಕೇಳುವಂತಿಲ್ಲ. ಹೀಗಾಗಿ ನಮಗೆ ಮಾತಾಡಲು ಉಳಿಯುವುದು ಎರಡೇ ವಿಷಯ. ಒಂದು, ಆರಾಮ. "ಆರಾಮ ಇದ್ದೀಯೇನು?" "ಆರಾಮ ಇದ್ದೀನ್ರಿ. ನೀವು?" "ನಾನೂ ಆರಾಮ." ನನಗೆ ನೂರಮೂರು ಜ್ವರವಿದ್ದಾಗಲೂ ನಾನು ಆರಾಮ ಇದ್ದೆ. ಅವರು ಹಿಮದಲ್ಲಿ ಜಾರಿ ಬಿದ್ದು ಮೂರು ವಾರ ಪಟ್ಟಿ ಕಟ್ಟಿಕೊಂಡಿದ್ದಾಗಲೂ ಆರಾಮ ಇದ್ದರಂತೆ. ಎರಡನೆಯ ವಿಷಯ ರಿಪೇರಿ. ವಿಡಿಯೋದಲ್ಲಿ ಅವರು ಹೇಳುತ್ತಾರೆ, ಇಲ್ಲಿ ನಾನು ಮಾಡುತ್ತೇನೆ. ಕರೆಂಟಿನ ಫ್ಯೂಸ್ ಹಾಕುವುದನ್ನು, ಮಿಕ್ಸರಿನ ಬುಡ ಬಿಚ್ಚುವುದನ್ನು ನಾನು ಹೀಗೆಯೇ ಕಲಿತದ್ದು. ಹೆಂಡತಿಯ ಮುಖ ಕಾಣಲಿ ಎಂದು ಅವರು ಕೊಡಿಸಿದ ದೊಡ್ಡ ಪರದೆಯ ಫೋನಿನಲ್ಲಿ ಅವರು ಹೆಚ್ಚಾಗಿ ನೋಡಿದ್ದು ನಮ್ಮ ಮೋರಿಯ ಕೊಳವೆ.

ಆ ಭಾನುವಾರ ಹನ್ನೆರಡೂವರೆಗೆ ಫೋನ್ ಬಂದಾಗ ನಮ್ಮ ಅಡುಗೆಮನೆಯ ನಳ ಸೋರುತ್ತಿತ್ತು. ನಾನು ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಹೊರಟವಳು ಫೋನನ್ನು ಎಣ್ಣೆ ಡಬ್ಬಿಗೆ ಆನಿಸಿ ನಿಲ್ಲಿಸಿ ಪಾನಾ ಕೈಗೆತ್ತಿಕೊಂಡೆ. ಪಾನಾ ಎಂದರೆ ನಟ್ಟು ಬಿಗಿ ಮಾಡುವ ಸಾಧನ. ನಮ್ಮ ಮನೆಯದು ಮಾವನವರ ಕಾಲದ್ದು, ನನ್ನ ಮೊಣಕೈಯಷ್ಟು ಉದ್ದ. ಪರದೆಯಲ್ಲಿ ನಮ್ಮ ಮನೆಯವರು ಯಾವುದೋ ಪೆಟ್ಟಿಗೆಯ ಮೇಲೆ ಕುಳಿತು ಸ್ಟೀಲಿನ ಮಗ್ಗಿನಲ್ಲಿ ಚಹಾ ಕುಡಿಯುತ್ತಿದ್ದರು. ಹಿಂದೆ ಮಣ್ಣಿನ ಚೀಲಗಳ ಗೋಡೆ, ಅದರ ಮೇಲೆ ಯಾರದೋ ಒಗೆದು ಹಾಕಿದ ಬನಿಯನ್ನು. ಅತ್ತೆ ನನ್ನ ಹಿಂದೆ ಒಲೆಯ ಹತ್ತಿರ ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಎಡಕ್ಕ ತಿರುವಬ್ಯಾಡ. ಬಲಕ್ಕ," ಎಂದರು ಅವರು.

"ಬಲಕ್ಕೇ ತಿರುವಾಕತ್ತೀನ್ರಿ."

"ಅದು ನನ್ನ ಬಲ. ನಿನ್ನ ಬಲಕ್ಕ ತಿರುವು."

"ನಿಮ್ಮ ಬಲ ನನಗ್ಯಾಕ ಬೇಕು, ನಂದೇ ನನಗ ಸಾಲಂಗಿಲ್ಲ."

ಹಿಂದಿನಿಂದ ಅತ್ತೆ, "ನಾಕು ವರ್ಷ ಆತು, ಇಬ್ಬರಿಗೂ ಎಡಾ ಬಲಾ ತಿಳಿವಲ್ದು" ಎಂದರು. ಪರದೆಯಲ್ಲಿ ನಮ್ಮ ಮನೆಯವರು ನಕ್ಕರು. ನಗುತ್ತಲೇ ಮಗ್ಗನ್ನು ಬಾಯಿಯ ಹತ್ತಿರ ತಂದರು.

ಆಗ ಆ ಸದ್ದು ಬಂತು.

ಮುಂದಿನದನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೆ ಎಂದರೆ ಅದರ ಒಂದೊಂದು ಚೂರೂ ಸವೆದು ನುಣುಪಾಗಿದೆ. ಅವರ ಮುಖ ಪರದೆಯ ಬಲಕ್ಕೆ ಜಾರಿತು. ಚೀಲಗಳ ಗೋಡೆ ಅಡ್ಡವಾಯಿತು. ಒಂದು ಬೂಟು ಕಂಡಿತು, ಆಮೇಲೆ ಆಕಾಶ. ಆ ಆಕಾಶದ ನಡುವೆ ಮಗ್ಗು ಇತ್ತು, ಕೈ ಇರಲಿಲ್ಲ. ಮಗ್ಗಿನಿಂದ ಹೊರಬಂದ ಚಹಾ ಕಂದು ನಾಲಿಗೆಯ ಹಾಗೆ ಗಾಳಿಯಲ್ಲಿ ಚಾಚಿಕೊಂಡಿತ್ತು. ಅಲ್ಲಿಗೆ ಚಿತ್ರ ಗಟ್ಟಿಯಾಗಿ ನಿಂತುಬಿಟ್ಟಿತು. ಚಹಾ ಕೆಳಗೆ ಬೀಳಲಿಲ್ಲ. ನನ್ನ ಮಟ್ಟಿಗೆ ಅದು ಇವತ್ತಿಗೂ ಬಿದ್ದಿಲ್ಲ.

ಇದನ್ನೆಲ್ಲ ನನ್ನ ಕಣ್ಣು ನೋಡಿತು. ನನ್ನ ಬಾಯಿ ಏನು ಮಾಡಿತು ಎಂಬುದನ್ನು ಈಗ ಹೇಳಬೇಕು. ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ನಾನು ಕೈಯಲ್ಲಿ ಪಾನಾ ಹಿಡಿದುಕೊಂಡೇ ತಿರುಗಿ ಗೋಡೆಯ ಗಡಿಯಾರ ನೋಡಿ, "ಬ್ಲಾಸ್ಟಿಂಗ್ ಟೈಮ್ ಇನ್ನಾ ಆಗಿಲ್ಲಲ್ರಿ. ಇವತ್ತ ಲಗೂ ಹಾರಿಸ್ಯಾರ ನೋಡ್ರಿ" ಎಂದೆ. ಗಂಡನ ತಲೆಯ ಮೇಲೆ ಆಕಾಶ ಕಳಚಿಬಿದ್ದಾಗ ಹೆಂಡತಿ ಆಡಿದ ಮಾತು ಇದು. ಅತ್ತೆಯೂ ಅಭ್ಯಾಸಬಲದಿಂದ ಬೆಳ್ಳುಳ್ಳಿ ಬಿಟ್ಟು ಎದ್ದು ಹಲಗೆಯ ಪಾತ್ರೆಗಳ ಮೇಲೆ ಅಂಗೈ ಊರಿ ನಿಂತಿದ್ದರು.

ಗಟ್ಟಿಯಾದ ಆ ಚಿತ್ರದ ಹಿಂದಿನಿಂದ ಯಾರೋ ಹಿಂದಿಯಲ್ಲಿ ಕೂಗುವುದು ಕೇಳಿತು. ಓಡುವ ಕಾಲುಗಳು. ಆಮೇಲೆ ನಮ್ಮ ಮನೆಯವರ ದನಿ, ತುಂಬ ಹತ್ತಿರದಿಂದ, ಉಸಿರು ಕಟ್ಟಿದ ಹಾಗೆ: "ಹೌದು, ಬ್ಲಾಸ್ಟಿಂಗ್. ಇಲ್ಲಿ ರಸ್ತಾ ಮಾಡಾಕತ್ತಾರ. ಇಡ್ತೀನಿ ನೋಡು." ಫೋನ್ ಕಟ್ಟಾಯಿತು. ಆ ಹೊತ್ತಿನಲ್ಲಿ ಪಾಪ ಅವರಿಗೆ ಸುಳ್ಳು ಹುಡುಕಲು ಪುರುಸೊತ್ತು ಎಲ್ಲಿತ್ತು? ಸುಳ್ಳನ್ನು ಬೆಚ್ಚಗೆ ಮಾಡಿ ಎತ್ತಿಕೊಟ್ಟವಳು ನಾನೇ.

ಕೊಟ್ಟು, ನಳವನ್ನು ಇನ್ನೆರಡು ಸುತ್ತು ಬಿಗಿದೆ. "ಇಟ್ಟನೇನು?" ಎಂದರು ಅತ್ತೆ. "ಇಟ್ರು. ಅಲ್ಲೀನೂ ಬ್ಲಾಸ್ಟಿಂಗ್ ಅಂತ." "ಹೂಂ" ಎಂದು ಅವರು ಪಡಸಾಲೆಗೆ ಹೋದರು. ಆಗ ತಲೆಗೆ ಹಚ್ಚಿದ್ದ ಎಣ್ಣೆ ಹಣೆಯಿಂದ ಇಳಿದು ಕಣ್ಣಿಗೆ ಬಂತು. ಉರಿಯಿತು. ನಾನು ತಲೆಗೆ ಎಣ್ಣೆ ಹಚ್ಚುವುದು ಭಾನುವಾರ ಮಾತ್ರ. ಭಾನುವಾರ ನಮ್ಮ ಗಣಿಗೆ ರಜೆ. ಈ ಎರಡು ವಾಕ್ಯಗಳು ನನ್ನ ತಲೆಯಲ್ಲಿ ಒಂದಕ್ಕೊಂದು ಕೂಡಿಕೊಳ್ಳಲು ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಕೂಡಿಕೊಂಡಾಗ ನಾನು ಒದ್ದೆ ಪರಸಿಯ ಮೇಲೆ ಕುಳಿತಿದ್ದೆ, ಮೇಲಿನಿಂದ ನಳ ನನ್ನ ಹೆಗಲ ಮೇಲೆ ಒಂದೊಂದೇ ಹನಿ ಬಿಡುತ್ತಿತ್ತು. ತಿರುಗಿ ಫೋನ್ ಮಾಡಿದೆ. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದು ಒಬ್ಬ ಹೆಂಗಸು ಮೂರು ಭಾಷೆಗಳಲ್ಲಿ ಹೇಳಿದಳು. ಆ ಹೆಂಗಸಿನಷ್ಟು ನಿಶ್ಚಿಂತಳಾದ ಇನ್ನೊಬ್ಬಳನ್ನು ನಾನು ಕಾಣೆ.

ಆಮೇಲಿನ ಮೂರು ದಿನ ಫೋನ್ ಇಲ್ಲ. ಸುದ್ದಿ ಇಲ್ಲ. ಇದ್ದಾರೋ ಇಲ್ಲವೋ ಎಂಬುದೂ ತಿಳಿಯದು. ಅತ್ತೆಗೆ ಬಿ.ಪಿ. ಇದೆ, ಇದು ಅವರಿಗೆ ತಿಳಿಯಬಾರದು ಎಂದು ನಾನು ತೀರ್ಮಾನಿಸಿದೆ. ಮೊದಲು ಟಿ.ವಿ.ಯ ಕೇಬಲ್ ವೈರನ್ನು ಕಿತ್ತು ಜೋಳದ ಡಬ್ಬಿಯೊಳಗೆ ಹೂತಿಟ್ಟೆ.

"ಟಿ.ವಿ. ಯಾಕ ಬರವಲ್ದು?" ಎಂದರು ಅತ್ತೆ.

"ಕೇಬಲ್ ಬಂದ್ ಅದ ಅಂತ್ರಿ ಅತ್ತಿ. ಇಡೀ ಸೇಡಂ ಬಂದ್ ಅದ."

"ಮಹಾನಂದಾನ ಮನ್ಯಾಗ ಸಪ್ಪಳ ಕೇಳಾಕತ್ತದಲ್ಲ."

"ಅವರ ಲೈನು ವಾಡಿ ಕಡಿಂದ ಬರ್ತದ್ರಿ."

ಕೇಬಲ್ಲು ವಾಡಿ ಜಂಕ್ಷನ್ನಿನಲ್ಲಿ ರೈಲು ಬದಲಿಸಿ ಬರುತ್ತದೆ ಎಂಬಂತೆ ನಾನು ಹೇಳಿದ್ದನ್ನು ಅತ್ತೆ ಒಪ್ಪಿಕೊಂಡರು. ಒಪ್ಪಿಕೊಂಡು ಸಂಜೆ ಪಕ್ಕದ ಮನೆಯ ಮಹಾನಂದಕ್ಕನ ಹತ್ತಿರ ಧಾರಾವಾಹಿ ನೋಡಲು ಹೊರಟರು. ನಾನು ಹಿತ್ತಲಿನ ಬಾಗಿಲಿನಿಂದ ಅವರಿಗಿಂತ ಮೊದಲು ಓಡಿ, ರೊಟ್ಟಿಗೆ ಹಿಟ್ಟು ನಾದುತ್ತಿದ್ದ ಮಹಾನಂದಕ್ಕನ ಕೈ ಹಿಡಿದುಕೊಂಡೆ. "ಅಕ್ಕಾ, ಅತ್ತಿ ಬರಾಕತ್ತಾರ. ನ್ಯೂಸ್ ಮಾತ್ರ ಹಚ್ಚಬ್ಯಾಡ್ರಿ. ಯಾಕಂತ ಕೇಳಬ್ಯಾಡ್ರಿ." ಮಹಾನಂದಕ್ಕ ಯಾವುದನ್ನೂ ಕೇಳದೆ ಬಿಟ್ಟವಳಲ್ಲ. ಆವತ್ತು ನನ್ನ ಮುಖವನ್ನೇ ನೋಡಿ, "ಆಯ್ತವ್ವಾ, ಹಚ್ಚಂಗಿಲ್ಲ" ಎಂದಳು. ಆ ನೋಟದಲ್ಲಿ ಏನೋ ಇತ್ತು. ನನಗೆ ಅದನ್ನು ಓದುವ ವ್ಯವಧಾನವಿರಲಿಲ್ಲ.

ಸೋಮವಾರ ಶಾಲೆಗೆ ಹೋದೆ. ರಜೆ ಹಾಕಿದರೆ ಅತ್ತೆಗೆ ಅನುಮಾನ ಬರುತ್ತದಲ್ಲ. ನಮ್ಮ ಶಾಲೆಯಲ್ಲಿ ತರಗತಿಗೆ ಫೋನ್ ಒಯ್ಯುವಂತಿಲ್ಲ, ಈ ನಿಯಮವನ್ನು ಸ್ಟಾಫ್ ಮೀಟಿಂಗಿನಲ್ಲಿ ಜೋರಾಗಿ ಬೆಂಬಲಿಸಿದವಳೂ ನಾನೇ. ಎಡಗೈಯಲ್ಲಿ ಫೋನ್, ಬಲಗೈಯಲ್ಲಿ ಸೀಮೆಸುಣ್ಣ ಹಿಡಿದು ಜೀವಕೋಶದ ಚಿತ್ರ ಬಿಡಿಸಿದೆ. ಎಂಥ ಚಿತ್ರ ಬಂದಿತ್ತೋ, ಮುಂದಿನ ಬೆಂಚಿನ ಹುಡುಗಿ, "ಮಿಸ್, ಇದು ಮಗ್ ಏನ್ರಿ?" ಎಂದು ಕೇಳಿದಳು. ಬಾಗಿಲಲ್ಲಿ ಹೆಡ್ ಮಾಸ್ತರರು ನಿಂತಿದ್ದರು. ನನ್ನ ಕೈಯ ಫೋನ್ ನೋಡಿದರು, ಮುಖ ನೋಡಿದರು, ಮಕ್ಕಳ ಕಡೆ ತಿರುಗಿ, "ಟೀಚರ್ ಟೈಮ್ ನೋಡಾಕ ತಂದಾರ. ಸುಮ್ಮ ಬರಕೋರಿ" ಎಂದು ಹೇಳಿ ಹೋದರು. ಅವರ ಶಾಲುಗಳಿಗಿಂತ ಆ ಮಾತು ಬೆಚ್ಚಗಿತ್ತು.

ಮನೆಗೆ ಬಂದರೆ ಅತ್ತೆ ಖಡಕ್ ರೊಟ್ಟಿ ಬಡಿಯುತ್ತಿದ್ದರು. ತಿಂಗಳುಗಟ್ಟಲೆ ಕೆಡದೆ ಇರುವ, ಹಪ್ಪಳದಂತೆ ಮುರಿಯುವ ಜೋಳದ ರೊಟ್ಟಿ ಅದು. ಮಗನಿಗೆ ಕಟ್ಟಿ ಕಳಿಸುವುದಿದ್ದರೆ ಮಾಡುತ್ತಾರೆ. ಸೋಮವಾರ ಒಂದು ಬುಟ್ಟಿ ತುಂಬಿತು. ಮಂಗಳವಾರ ಎರಡನೆಯದು. ಮಹಾನಂದಕ್ಕ ಇಣುಕಿ, "ಏನ್ ನಾಗಮ್ಮತ್ತಿ, ಮನ್ಯಾಗ ಮದವಿ ಅದ ಏನು?" ಎಂದಳು. "ಮಗ ರಜಾಕ ಬರ್ತಾನ, ಹೋಗುಮುಂದ ಒಯ್ತಾನ" ಎಂದರು ಅತ್ತೆ, ತಲೆ ಎತ್ತದೆ. ರಜೆಯ ಮಾತೇ ಇರಲಿಲ್ಲ. ಪಾಪ, ಏನೂ ತಿಳಿಯದ ಜೀವ ಎಂದು ನಾನು ಸ್ನಾನದ ಮನೆಗೆ ಹೋಗಿ, ನೀರಿನ ಸದ್ದಿನಲ್ಲಿ ನನ್ನ ಸದ್ದು ಮುಳುಗುವಷ್ಟು ಬಕೆಟ್ ತುಂಬಿಸಿದೆ.

ಮಂಗಳವಾರ ಸಂಜೆ ಬಿಳಿ ಜೀಪೊಂದು ನಮ್ಮ ಓಣಿಗೆ ತಿರುಗಿತು. ಅಂಥ ಜೀಪು ಹೇಗೆ ಬರುತ್ತದೆ, ಯಾರು ಇಳಿಯುತ್ತಾರೆ, ಏನು ಹೇಳುತ್ತಾರೆ ಎಂಬುದನ್ನು ಸೈನಿಕರ ಹೆಂಡತಿಯರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದಿಲ್ಲ. ಆದರೆ ಪ್ರತಿಯೊಬ್ಬಳಿಗೂ ಗೊತ್ತು. ಜೀಪು ನಿಧಾನವಾಯಿತು. ಮನೆಗಳ ನಂಬರು ನೋಡುತ್ತ ಬಂದು ನಮ್ಮ ಬಾಗಿಲ ಮುಂದೆಯೇ ನಿಂತಿತು. ಇಬ್ಬರು ಇಳಿದರು. ಒಬ್ಬರ ಕೈಯಲ್ಲಿ ಫೈಲು. "ಶರಣಪ್ಪ ಅವರ ಮನಿ ಇದೇ ಏನ್ರಿ?" ಎಂದರು. ನಾನು ಹೌದು ಎನ್ನಬೇಕು. ಹೌದು ಎಂದರೆ ಮುಂದಿನ ವಾಕ್ಯ ಬರುತ್ತದೆ. ಹೌದು ಎನ್ನದಿದ್ದರೆ ಬರುವುದಿಲ್ಲ. ಅದಕ್ಕೆ ನಾನು, ಬಿ.ಎಸ್ಸಿ. ಓದಿದವಳು, ನನ್ನ ಸ್ವಂತ ಬಾಗಿಲಲ್ಲಿ ನಿಂತು, "ಅಲ್ಲ" ಎಂದೆ.

"ಅಲ್ಲ ಅಂದ್ರ ಹ್ಯಾಂಗ್ರಿ, ನಂಬರ್ ಇದೇ ಅದ" ಎಂದರು ಫೈಲಿನವರು. "ಮನಿ ಮುಂದಿನ ನೀರಿನ ಪೈಪು ಸೋರ್ತದ ಅಂತ ಅರ್ಜಿ ಕೊಟ್ಟೀರಲ್ಲ, ಅದನ್ನ ನೋಡಾಕ ಬಂದೀವಿ."

ನಾನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ. ಮಳೆಗಾಲಕ್ಕೆ ಮುಂಚೆ ಕೊಟ್ಟಿದ್ದ ಅರ್ಜಿ ಅದು, ಅವರ ಹೆಸರಿನಲ್ಲೇ ಬರೆದಿದ್ದೆ. ಸರಕಾರಿ ಕಚೇರಿ ಒಂದು ಕೆಲಸವನ್ನು ತಡಮಾಡಿದ್ದಕ್ಕೆ ನಾನು ಯಾವತ್ತೂ ಅಷ್ಟು ಸಂತೋಷಪಟ್ಟಿಲ್ಲ, ಅದೇ ದಿನ ಬಂದದ್ದಕ್ಕೆ ಅಷ್ಟು ಶಪಿಸಿಯೂ ಇಲ್ಲ. ಹಿಂತಿರುಗಿ ನೋಡಿದರೆ ಅತ್ತೆ ನಡುಮನೆಯ ಬಾಗಿಲಲ್ಲಿ ನಿಂತಿದ್ದರು. ಚೌಕಟ್ಟಿನ ಮೇಲೆ ಅವರ ಹಿಟ್ಟಿನ ಕೈಯ ಐದೂ ಬೆರಳು ಮೂಡಿದ್ದವು. ಒಳಗೆ ಹೆಂಚಿನ ಮೇಲೆ ರೊಟ್ಟಿ ಸೀದು ಹೊಗೆ ಏಳುತ್ತಿತ್ತು. ಅತ್ತೆಯ ರೊಟ್ಟಿ ಸೀದದ್ದನ್ನು ನಾನು ಕಂಡದ್ದು ಅದೇ ಮೊದಲು. ಗ್ಯಾಸಿನ ಉರಿ ಹೆಚ್ಚಾಗಿರಬೇಕು ಅಂದುಕೊಂಡೆ. ವಿಜ್ಞಾನ ಓದಿದವರಿಗೆ ಎಲ್ಲದಕ್ಕೂ ಒಂದು ಕಾರಣ ಕೂಡಲೇ ಸಿಗುತ್ತದೆ.

ಬುಧವಾರ ಶಾಲೆ ಬಿಟ್ಟು ಮನೆಗೆ ಬಂದು ಚಪ್ಪಲಿ ಕಳಚುವಾಗ ಫೋನ್ ಬಂತು. ಗೊತ್ತಿಲ್ಲದ ನಂಬರು. ವಿಡಿಯೋ ಇಲ್ಲ, ದನಿ ಮಾತ್ರ.

"ಆರಾಮ ಇದ್ದೀಯೇನು?"

ನನ್ನ ಒಂದು ಕಾಲಿನಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. "ಆರಾಮ ಇದ್ದೀನ್ರಿ. ನೀವು?"

"ನಾ ಆರಾಮ. ನಳ ಬಿಗಿ ಆತೇನು?"

"ಆತ್ರಿ" ಎಂದೆ. ಒಳಗೆ ನಳ ಸೋರುವುದು ನನಗೆ ಕೇಳುತ್ತಲೇ ಇತ್ತು.

ರಸ್ತೆ ಮಾಡುವವರು ಬ್ಲಾಸ್ಟಿಂಗ್ ಮಾಡಿದರು, ಅದರ ಅದುರಿಗೆ ಟವರು ಕೆಟ್ಟಿತು, ಅದಕ್ಕೆ ಮೂರು ದಿನ ಫೋನ್ ಇಲ್ಲ ಎಂದು ಅವರು ಕಥೆ ಹೇಳಿದರು. ಬ್ಲಾಸ್ಟಿಂಗ್ ಎಂದರೆ ಏನು ಎಂದು ಸೇಡಮ್ಮಿನ ಸೊಸೆಗೆ ಹೇಳುತ್ತಿದ್ದರು. ಬ್ಲಾಸ್ಟಿಂಗ್ ಎಂದರೆ ಮೊದಲು ಸೈರನ್, ಕೆಂಪು ಬಾವುಟ, ರಸ್ತೆಯಲ್ಲಿ ಬಸ್ಸು ತಡೆಯುವ ಸಿಳ್ಳೆ. ಚಹಾ ಕುಡಿಯುವವನ ಕೈಯಿಂದ ಮಗ್ಗು ಹಾರಿಸುವುದಕ್ಕೆ ಬ್ಲಾಸ್ಟಿಂಗ್ ಎನ್ನುವುದಿಲ್ಲ. "ಹೌದೇನ್ರಿ, ಬ್ಲಾಸ್ಟಿಂಗ್ ಅಂದ್ರ ಹಂಗೇ" ಎಂದೆ. ಅಷ್ಟರಲ್ಲಿ ಅತ್ತೆ ಬಂದು ನನ್ನ ಕೈಯಿಂದ ಫೋನ್ ತೆಗೆದುಕೊಂಡರು. "ಬ್ಲಾಸ್ಟಿಂಗ್ ಭಾಳ ಜೋರಿತ್ತೇನೋ?" ಎಂದರು. ನಮ್ಮ ಮನೆಯವರು ಆ ಕಡೆಯಿಂದ ಸಣ್ಣದು ಎಂದಿರಬೇಕು. "ಸಣ್ಣದಿದ್ರ ಛಲೋ. ಹೊಟ್ಟಿತುಂಬ ಉಣ್ಣು" ಎಂದು ಫೋನನ್ನು ನನಗೆ ಕೊಡದೆ ಎದೆಗೆ ಒತ್ತಿಕೊಂಡು, ಕಟ್ಟಾದ ಮೇಲೂ ಹಾಗೆಯೇ ಸ್ವಲ್ಪ ಹೊತ್ತು ನಿಂತರು.

ಆಮೇಲೆ ನೆಲದ ಮೇಲೆ ಕುಳಿತು, "ಇನ್ನ ಆ ಟಿ.ವಿ. ವೈರು ಹಚ್ಚು. ಜೋಳದ ಡಬ್ಬಿ ತಳದಾಗ ಅದ" ಎಂದರು.

ನಾನು ಉಳಿದ ಚಪ್ಪಲಿ ಕಳಚಿ ಅವರ ಎದುರಿಗೆ ಕುಳಿತೆ.

"ಅದು ನಮ್ಮ ಬ್ಲಾಸ್ಟಿಂಗ್ ಅಲ್ಲಂತ ನನಗ ಆವತ್ತೇ ಗೊತ್ತಾಗ್ಯದ" ಎಂದರು. "ನಮ್ಮದು ಮೊದಲ ಕಾಲಿಗಿ ಬರ್ತದ, ಆಮ್ಯಾಲ ಕಿವಿಗಿ. ಅದು ಬರೇ ಕಿವಿಗಿ ಬಂತು. ಭಾಂಡೆ ಮ್ಯಾಲ ಕೈ ಇಟ್ಟೆ, ಒಂದೂ ಅಳ್ಳಾಡಲಿಲ್ಲ. ಎಲ್ಲಾ ತಣ್ಣಗಿದ್ವು. ಆವಾಗೇ ನನ್ನ ಜೀವ ಹೋತು."

"ಮತ್ತ ಹೇಳಲಿಲ್ಲ ಯಾಕ್ರಿ ಅತ್ತಿ?"

"ನೀ ಮೊದಲೇ ಪುಕ್ಕಲಿ. ಹೆದರಿ ಏನರ ಮಾಡಿಕೊಂಡ್ರ? ಮಹಾನಂದಾಗೂ ಹೇಳಿ ಇಟ್ಟಿದ್ದೆ, ನಮ್ಮ ಸೊಸಿ ಬಂದ್ರ ನ್ಯೂಸ್ ಬಂದ್ ಮಾಡವ್ವಾ ಅಂತ."

ಪ್ರತಿ ವರ್ಷ ಒಂಬತ್ತನೆಯ ತರಗತಿಗೆ ನಾನು ಶಬ್ದದ ಪಾಠ ಮಾಡುತ್ತೇನೆ. ಬೆಂಚಿಗೆ ಕಿವಿ ಹಚ್ಚಿರಿ ಮಕ್ಕಳೇ, ಆ ತುದಿಯಲ್ಲಿ ಬಡಿಯುತ್ತೇನೆ, ಗಾಳಿಗಿಂತ ಕಟ್ಟಿಗೆಯಲ್ಲಿ ಮೊದಲು ಕೇಳುತ್ತದೆ, ಘನವಸ್ತುಗಳಲ್ಲಿ ಶಬ್ದದ ವೇಗ ಹೆಚ್ಚು. ಪರೀಕ್ಷೆಗೆ ತಪ್ಪದೆ ಎರಡು ಅಂಕದ ಪ್ರಶ್ನೆ ಕೊಡುತ್ತೇನೆ. ಆ ಎರಡೂ ಅಂಕ ಅವತ್ತು ಅತ್ತೆಗೆ ಹೋದವು. ಒಂದೇ ಮನೆಯಲ್ಲಿ ಮೂರು ದಿನ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಕಾಪಾಡುತ್ತ ಓಡಾಡಿದ್ದೆವು. ನಡುವೆ ಸಿಕ್ಕಿಕೊಂಡ ಮಹಾನಂದಕ್ಕ ಒಂದು ಸುದ್ದಿಯನ್ನೂ ನೋಡಲಾಗದೆ ಮೂರು ಸಂಜೆ ಧಾರಾವಾಹಿಯ ಸೊಸೆಯರ ಗೋಳಾಟವನ್ನೇ ನೋಡಿದ್ದಳು.

ಎರಡು ತಿಂಗಳ ನಂತರ ನಮ್ಮ ಮನೆಯವರಿಗೆ ರಜೆ ಸಿಕ್ಕಿತು. ವಾಡಿಯಲ್ಲಿ ರೈಲು ಇಳಿದು ಬೆಳಿಗ್ಗೆ ಮನೆಗೆ ಬಂದರು. ಮೈಮೇಲೆ ಒಂದು ಗಾಯವಿಲ್ಲ, ನಾನು ಎಣಿಸಿ ನೋಡಿದೆ. ಎಡಗಡೆಯಿಂದ ಮಾತಾಡಿಸಿದರೆ ಮಾತ್ರ ಬಲಗಿವಿ ತಿರುಗಿಸುತ್ತಿದ್ದರು. "ಸ್ನಾನ ಮಾಡುಮುಂದ ಕಿವ್ಯಾಗ ನೀರು ಹೊಕ್ಕದ" ಎಂದರು. ಬಂದವರೇ ಪಾನಾ ಕೇಳಿ, ನಳ ಬಿಚ್ಚಿ ಹೊಸ ವಾಷರ್ ಹಾಕಿದರು. "ಬಿಗಿ ಆಗೇದ ಅಂದಿದ್ದಿಯಲ್ಲ" ಎಂದರು. "ಮತ್ತ ಸಡ್ಲಾತ್ರಿ" ಎಂದೆ. ಊಟವಾಯಿತು. ಅವರು ಮಂಚದ ಮೇಲೆ ಅಡ್ಡಾದರು, ನಾನು ಪಕ್ಕದಲ್ಲಿ ಕುಳಿತು ಅವರ ಅಂಗಿಗೆ ಗುಂಡಿ ಹಚ್ಚುತ್ತಿದ್ದೆ. ಈ ಮನುಷ್ಯ ಹುಟ್ಟಿದ್ದು, ತೊಟ್ಟಿಲಲ್ಲಿ ಮಲಗಿದ್ದು, ಬೆಳೆದದ್ದು ಎಲ್ಲ ಈ ಗಣಿಯ ಸದ್ದಿನಲ್ಲಿಯೇ. ಕೂಸಿದ್ದಾಗ ಬ್ಲಾಸ್ಟಿಂಗ್ ಆಗದ ದಿನ ನಿದ್ದೆಯೇ ಮಾಡುತ್ತಿರಲಿಲ್ಲ ಎಂದು ಅತ್ತೆ ಹೇಳುತ್ತಾರೆ. ಫ್ಯಾನಿನ ಸದ್ದಿಗೋ ಏನೋ ಸೈರನ್ ನನಗೆ ಕೇಳಲಿಲ್ಲ.

ಧಡಮ್ ಎಂದಿತು.

ನಾನು ಯೋಚಿಸಲಿಲ್ಲ. ಕಣ್ಣು ಬಿಟ್ಟಾಗ ಮಂಚದ ಕೆಳಗೆ ಹೊಟ್ಟೆಯ ಮೇಲೆ ಮಲಗಿದ್ದೆ, ಬಾಯಲ್ಲಿ ಸೂಜಿಯ ದಾರ. ಎದುರಿಗೆ, ಮಂಚದ ಆ ಬದಿಯಿಂದ ಬಂದು, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ನಮ್ಮ ಮನೆಯವರು ಮಲಗಿದ್ದರು.  ಅವರ ಹಣೆಯ ಮೇಲೆ ಬೆವರು ಸಾಲಾಗಿ ನಿಂತಿತ್ತು.

"ಏನ್ ಹುಡುಕಾಕತ್ತೀ?" ಎಂದರು.

"ಉಳ್ಳಾಗಡ್ಡಿ ಉರುಳಿ ಬಂತ್ರಿ" ಎಂದೆ. "ನೀವು?"

"ನಾನೂ ಅದನ್ನೇ."

ಇಬ್ಬರೂ ಎದ್ದೇಳಲಿಲ್ಲ. ಪರಸಿ ತಣ್ಣಗಿತ್ತು. ಅವರು ಕೈಗಳನ್ನು ತಲೆಯಿಂದ ಇಳಿಸಿ, ನೆಲ ನೋಡುತ್ತ, "ಆವತ್ತ ನನ್ನ ಹಿಂದ ಒಂದು ಗ್ವಾಡಿ ಇತ್ತಲ್ಲ, ಚೀಲದ್ದು. ನೀ ಟೈಮ್ ಆಗಿಲ್ಲಲ್ರಿ ಅನ್ನೂತನಾ ಇತ್ತು. ಆಮ್ಯಾಲ ಇರಲಿಲ್ಲ" ಎಂದರು. ನಾನು ಎರಡು ತಿಂಗಳಿಂದ ಅವರು ಖರೇ ಹೇಳಲಿ, ಖರೇ ಹೇಳಲಿ ಎಂದು ಮನಸ್ಸಿನಲ್ಲಿಯೇ ಜಗಳ ಕಾಯುತ್ತಿದ್ದವಳು. ಕೇಳಿದ ಮೇಲೆ ರಸ್ತಾ ಮಾಡಾಕತ್ತಾರ ಅಂದದ್ದೇ ಛಲೋ ಇತ್ತು ಅನಿಸಿತು. ಕೈ ಚಾಚಿ ಅವರ ಎಡಗಿವಿಯನ್ನು ಮುಟ್ಟಿದೆ. ಅವರು ನನ್ನ ಕೈ ತೆಗೆಯಲಿಲ್ಲ.

ಅಡುಗೆಮನೆಯಲ್ಲಿ ಪಾತ್ರೆಗಳ ಮೇಲಿನಿಂದ ಕೈ ತೆಗೆದ ಅತ್ತೆಯ ದನಿ ಕೇಳಿತು: "ಮನ್ಯಾಗ ಉಳ್ಳಾಗಡ್ಡಿ ತೀರಿ ಎರಡ ದಿನ ಆತು. ಸಿಕ್ರ ನನಗೂ ಒಂದು ಕೊಡ್ರಿ, ಪಲ್ಯಾಕ ಬೇಕು."

ಸಂಜೆ ಬಜಾರಕ್ಕೆ ಹೋಗಿ ಐದು ಕಿಲೋ ಉಳ್ಳಾಗಡ್ಡಿ ತಂದು ಮಂಚದ ಕೆಳಗೇ ಹರವಿದ್ದೇನೆ. ಗಾಳಿಯಾಡುವ ಜಾಗ, ಕೆಡುವುದಿಲ್ಲ ಎಂದು ಕೇಳಿದವರಿಗೆ ಹೇಳುತ್ತೇನೆ. ಎಷ್ಟಾದರೂ ವಿಜ್ಞಾನದ ಟೀಚರು. ಹೇಳುವ ಸುಳ್ಳಿಗೆ ಪುರಾವೆ ಇಲ್ಲದಿದ್ದರೆ ನನಗೆ ಸಮಾಧಾನವಿಲ್ಲ.